ಎಂ6 ಟ್ಯಾಪ್ ವಾಲಿಕೊಂಡೇ ಇಳಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ:
ಗೆಳೆಯರೇ, 10 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ಪಟ್ಟಿಗೆ ಎಂ6 (6 ಮಿ.ಮೀ. ಬೋಲ್ಟಿನ) ಥ್ರೆಡ್ ಹಾಕುತ್ತಿದ್ದೇನೆ. ತೂತನ್ನು ಬೆಂಚ್ ಡ್ರಿಲ್‌ನಲ್ಲಿ 5 ಮಿ.ಮೀ. ಬಿಟ್ ಹಾಕಿ ಕೊರೆದೆ. ತೂತಿನೊಳಗೆ ಥ್ರೆಡ್ ಕತ್ತರಿಸುವ ಟ್ಯಾಪನ್ನು ಮಾತ್ರ ಕೈಯಲ್ಲೇ ತಿರುಗಿಸುತ್ತೇನೆ. ಬೋಲ್ಟ್ ಬಿಗಿ ಮಾಡಿದರೆ ತಲೆಯ ಒಂದು ಬದಿ ಪಟ್ಟಿಗೆ ಕೂರುತ್ತದೆ, ಇನ್ನೊಂದು ಬದಿಯಲ್ಲಿ ಬೆಳಕು ಕಾಣುತ್ತದೆ. ಅರ್ಧ ಇಳಿದ ಮೇಲೆ ಹ್ಯಾಂಡಲನ್ನು ಒಂದು ಕಡೆ ಒತ್ತಿ ನೆಟ್ಟಗೆ ಮಾಡಲು ನೋಡಿದರೆ ಕಿರ್ ಅನ್ನುತ್ತದೆ.

ಉತ್ತರ 1:
ಆ ಒತ್ತುವುದನ್ನು ಮೊದಲು ನಿಲ್ಲಿಸಿ. ಟ್ಯಾಪ್ ತುಂಬಾ ಗಟ್ಟಿ ಉಕ್ಕು, ಬಾಗುವುದಿಲ್ಲ, ಪಟ್ ಅಂತ ಮುರಿಯುತ್ತದೆ. ಒಳಗೆ ಉಳಿದ ತುಂಡನ್ನು ಮಾಮೂಲಿ ಬಿಟ್ ಕೊರೆಯುವುದೇ ಇಲ್ಲ.

ವಾಲಿರುವುದು ತೂತೋ ಟ್ಯಾಪೋ ನೋಡಿಕೊಳ್ಳಿ. ಥ್ರೆಡ್ ಹಾಕದ ಒಂದು ತೂತಿಗೆ ಅದೇ 5 ಮಿ.ಮೀ. ಬಿಟ್ಟನ್ನು ತಲೆಕೆಳಗಾಗಿ, ನುಣುಪಾದ ತುದಿ ಕೆಳಗೆ ಬರುವಂತೆ ಇಳಿಸಿ. ಪಕ್ಕಕ್ಕೆ ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಡಿ. ಎದುರಿನಿಂದ ಒಮ್ಮೆ, ಬಲಗಡೆಯಿಂದ ಒಮ್ಮೆ ನೋಡಬೇಕು. ಒಂದೇ ಕಡೆಯಿಂದ ನೋಡಿದರೆ ಇನ್ನೊಂದು ಕಡೆಯ ವಾಲು ಗೊತ್ತೇ ಆಗುವುದಿಲ್ಲ.

ತೂತು ನೆಟ್ಟಗಿದ್ದರೆ ತೊಂದರೆ ಇರುವುದು ಮೊದಲ ಎರಡು ಸುತ್ತಿನಲ್ಲಿ. ಟ್ಯಾಪಿನ ದಾರಿ ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಹಾಗಾಗಿ ಆ ಎರಡು ಸುತ್ತನ್ನು ಕೈಗೆ ಬಿಡಬೇಡಿ, ಡ್ರಿಲ್ ಮೆಷಿನ್ನಿಗೇ ಬಿಡಿ. ತೂತು ಕೊರೆದ ಮೇಲೆ ಪಟ್ಟಿ ಹಿಡಿದಿರುವ ವೈಸ್ ಅಲುಗಿಸಬಾರದು. ಪ್ಲಗ್ ಕಿತ್ತುಬಿಡಿ. ಬಿಟ್ ತೆಗೆದು, ಅದನ್ನು ಹಿಡಿದಿದ್ದ ಚಕ್ಕಿಗೇ ಟ್ಯಾಪ್ ಹಾಕಿ. ಮೂರು ಟ್ಯಾಪಿನ ಸೆಟ್ ಆದರೆ ತುದಿ ಉದ್ದಕ್ಕೆ ಚೂಪಾಗಿರುವುದನ್ನೇ ಮೊದಲು ಹಾಕಬೇಕು. ಎಡಗೈಯಲ್ಲಿ ಲಿವರ್ ಹಗುರವಾಗಿ ಒತ್ತಿಕೊಂಡು ಬಲಗೈಯಲ್ಲಿ ಚಕ್ ತಿರುಗಿಸಿ. ಎರಡು ಮೂರು ಸುತ್ತು ಕಚ್ಚಿಕೊಂಡ ಮೇಲೆ ಚಕ್ ಸಡಿಲಿಸಿ, ಹ್ಯಾಂಡಲ್ ಹಾಕಿ ಮುಂದುವರಿಸಿ. ಆಮೇಲೆ ಒತ್ತಡವೇ ಬೇಡ, ಥ್ರೆಡ್ ತಾನೇ ಎಳೆದುಕೊಳ್ಳುತ್ತದೆ.

ಉತ್ತರ 2:
ಎಣ್ಣೆ ಮರೆಯಬೇಡಿ. ಸ್ಟೀಲಿಗೆ ಕಟಿಂಗ್ ಆಯಿಲ್, ಅಲ್ಯೂಮಿನಿಯಂಗೆ ಸೀಮೆಎಣ್ಣೆ ಸಾಕು. ಅರ್ಧ ಸುತ್ತು ಮುಂದೆ ಹೋದ ಮೇಲೆ ಸ್ವಲ್ಪ ಹಿಂದಕ್ಕೆ ತಿರುಗಿಸಿ, ಚೂರು ತುಂಡಾದದ್ದು ಕೈಗೇ ಗೊತ್ತಾಗುತ್ತದೆ. ತೂತಿನ ಬಾಯಿಯನ್ನು ಮೊದಲೇ ಕೌಂಟರ್‌ಸಿಂಕ್‌ನಿಂದ (ಅಂಚನ್ನು ಓರೆ ಮಾಡುವ ಬಿಟ್) ಸ್ವಲ್ಪ ಸವರಿದರೆ ಟ್ಯಾಪ್ ಸುತ್ತಲೂ ಸಮವಾಗಿ ಕಚ್ಚುತ್ತದೆ.

ಪ್ರಶ್ನೆ ಕೇಳಿದವರು:
ನೋಡಿದೆ, ತೂತು ನೆಟ್ಟಗೇ ಇದೆ. ಆದರೆ ಕೆಲವು ತೂತು ವೆಲ್ಡ್ ಮಾಡಿದ ಫ್ರೇಮಿನಲ್ಲಿವೆ, ಅದು ಮೆಷಿನ್ ಕೆಳಗೆ ಹಿಡಿಯುವುದಿಲ್ಲ. ಆಗಲೇ ವಾಲಿದವು ಬೇರೆ ಇವೆಯಲ್ವಾ?

ಉತ್ತರ 1:
ಫ್ರೇಮಿಗೆ ಒಂದು ಗೈಡ್ ಬ್ಲಾಕ್ ಮಾಡಿಕೊಳ್ಳಿ. 20 ಮಿ.ಮೀ. ದಪ್ಪದ, ಅಡಿ ಸಮತಟ್ಟಾದ ಲೋಹದ ತುಂಡು ಸಾಕು. ಟ್ಯಾಪ್ ಅಲುಗಾಡದೆ ಜಾರುವಷ್ಟು ತೂತನ್ನು ಅದರಲ್ಲಿ ಬೆಂಚ್ ಡ್ರಿಲ್‌ನಲ್ಲೇ ಕೊರೆಯಿರಿ. ಅದನ್ನು ಫ್ರೇಮಿನ ಮೇಲಿಟ್ಟು, ಟ್ಯಾಪನ್ನು ಅದರ ಮೂಲಕ ಇಳಿಸಿ ತೂತಿಗೆ ಸರಿಹೊಂದಿಸಿ, ಕ್ಲಾಂಪ್ ಬಿಗಿಯಿರಿ. ಬ್ಲಾಕ್ ಕೆಳಗೆ ಬಣ್ಣವೋ ವೆಲ್ಡಿನ ಹನಿಯೋ ಇದ್ದರೆ ಬ್ಲಾಕೇ ವಾಲುತ್ತದೆ, ಮೊದಲು ಅರದಿಂದ ಉಜ್ಜಿ.

ವಾಲಿದ ಥ್ರೆಡ್‌ಗೆ ಮತ್ತೆ ಎಂ6 ಹಾಕಿದರೆ ಟ್ಯಾಪ್ ಹಳೇ ದಾರಿಯಲ್ಲೇ ಹೋಗುತ್ತದೆ. ಜಾಗ ಇದ್ದರೆ 6.8 ಮಿ.ಮೀ.ಗೆ ಕೊರೆದು ಎಂ8 ಹಾಕಿ.