ಎನರ್ಜಿ ಮಿಕ್ಸ್‌ಗೆ ‘ಇಂಧನ ಮಿಶ್ರಣ’ ಸರಿಹೊಂದುತ್ತದೆಯೇ?

ಗೆಳೆಯರಿಗೆ ನಮಸ್ಕಾರ.

ದೇಶವೊಂದು ತನಗೆ ಬೇಕಾದ ಶಕ್ತಿಯನ್ನು ಯಾವ ಮೂಲದಿಂದ ಎಷ್ಟೆಷ್ಟು ಪಡೆಯುತ್ತದೆ ಎಂಬ ಲೆಕ್ಕಕ್ಕೆ ‘ಎನರ್ಜಿ ಮಿಕ್ಸ್’ ಎನ್ನುತ್ತಾರಲ್ಲ, ಅದನ್ನು ‘ಇಂಧನ ಮಿಶ್ರಣ’ ಎಂದು ಬರೆಯುವುದು ನನಗೇಕೋ ಒಗ್ಗುತ್ತಿಲ್ಲ. ಮಿಶ್ರಣ ಅಂದ ಕೂಡಲೇ ಪೆಟ್ರೋಲಿಗೆ ಎಥೆನಾಲ್ ಬೆರೆಸಿದ್ದು ನೆನಪಾಗುತ್ತದೆ. ಇಲ್ಲಿ ಯಾರೂ ಏನನ್ನೂ ಬೆರೆಸುತ್ತಿಲ್ಲ.

ಇನ್ನು ‘ಇಂಧನ’. ಇದರ ಮೂಲಾರ್ಥವೇ ಉರಿಸುವ ಕಟ್ಟಿಗೆ. ಗಾಳಿ, ಬಿಸಿಲು, ಹರಿಯುವ ನೀರು ಉರಿಯುವುದಿಲ್ಲ, ಮತ್ತು ಇಂಗಾಲದ ಲೆಕ್ಕ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿ 2014ರ ವರದಿಯಲ್ಲಿ ಕೊಟ್ಟಿರುವ ಮಧ್ಯಮ ಅಂದಾಜಿನಂತೆ, ಸ್ಥಾವರ ಕಟ್ಟುವುದನ್ನೂ ಸೇರಿಸಿಕೊಂಡು, ಒಂದು ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲಿನಿಂದ 820 ಗ್ರಾಂ, ಅನಿಲದಿಂದ 490 ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರಸೂಸುವಿಕೆ. ಗಾಳಿ ಮತ್ತು ಅಣುಶಕ್ತಿಯದು 12 ಗ್ರಾಂ ಆಸುಪಾಸು. (ಯುರೇನಿಯಂ ಉರಿಯದಿದ್ದರೂ ಅದನ್ನು ಇಂಧನ ಎನ್ನುವುದು ರೂಢಿಯಾಗಿಬಿಟ್ಟಿದೆ, ಆ ಜಗಳಕ್ಕೆ ನಾನಿಲ್ಲ.)

ನಿಜವಾದ ತೊಡಕು ಬೇರೆಯೇ ಇದೆ. ಎನರ್ಜಿ ಮಿಕ್ಸ್ ಒಂದು, ಎಲೆಕ್ಟ್ರಿಸಿಟಿ ಮಿಕ್ಸ್ ಇನ್ನೊಂದು. ಎರಡಕ್ಕೂ ‘ಇಂಧನ ಮಿಶ್ರಣ’ ಎಂದೇ ಬರೆದರೆ ಅರ್ಥ ಕೆಡುತ್ತದೆ. ಈ ವಾಕ್ಯ ನೋಡಿ: ‘ನಾರ್ವೆಯ ಇಂಧನ ಮಿಶ್ರಣದಲ್ಲಿ ಜಲಶಕ್ತಿಯ ಪಾಲು ಸುಮಾರು ಶೇ 90.’ ವಿದ್ಯುತ್ತಿನ ಮಟ್ಟಿಗೆ ಇದು ಸರಿ, ದೇಶದ ಒಟ್ಟು ಶಕ್ತಿಯ ಮಟ್ಟಿಗೆ ತಪ್ಪು. ಅಲ್ಲಿನ ಹಡಗು, ಲಾರಿ, ವಿಮಾನಗಳಿಗೆ ಹೆಚ್ಚಾಗಿ ಎಣ್ಣೆಯೇ ಬೇಕು. ಕಡಲಿನ ತೈಲಬಾವಿಗಳ ಯಂತ್ರಗಳನ್ನು ಬಹುಪಾಲು ಅನಿಲ ಉರಿಸಿಯೇ ನಡೆಸುತ್ತಾರೆ. ಹಾಗಾಗಿಯೇ ನಾರ್ವೆಯ ತಲಾ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ಜಗತ್ತಿನ ಸರಾಸರಿಗಿಂತ ಹೆಚ್ಚು. ಮೇಲಿನ ವಾಕ್ಯವನ್ನಷ್ಟೇ ಓದಿದವರಿಗೆ ಇದು ಒಗಟಾಗಿ ಕಾಣುತ್ತದೆ, ಅದಕ್ಕೆ ಹೊಣೆ ಅನುವಾದವೇ.

ವಿದ್ಯುತ್ತಿನ ಲೆಕ್ಕವನ್ನೇ ಹೇಳಬೇಕಾದ ಸಂದರ್ಭಗಳೂ ಇವೆ. ಫ್ರಾನ್ಸ್‌ನಲ್ಲಿ ವಿದ್ಯುತ್ತಿನ ಮೂರನೇ ಎರಡರಷ್ಟು ಪಾಲು ಅಣುಸ್ಥಾವರಗಳದ್ದು, ಪೋಲೆಂಡ್‌ನಲ್ಲಿ ದೊಡ್ಡ ಪಾಲು ಕಲ್ಲಿದ್ದಲಿನದು. ಒಂದೇ ಮಾದರಿಯ ಎಲೆಕ್ಟ್ರಿಕ್ ಕಾರನ್ನು ಎರಡೂ ಕಡೆ ಚಾರ್ಜ್ ಮಾಡಿದರೆ, ಅದೇ ದೂರಕ್ಕೆ ಪೋಲೆಂಡ್‌ನಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

ನನ್ನ ಒಲವು ‘ಶಕ್ತಿಮೂಲಗಳ ಪಾಲು’ ಮತ್ತು ‘ವಿದ್ಯುತ್ ಮೂಲಗಳ ಪಾಲು’ ಎಂಬ ಜೋಡಿಯ ಕಡೆಗೆ. ಶೀರ್ಷಿಕೆಗೆ ಉದ್ದವಾಯಿತು ಎನ್ನುವವರು ‘ಶಕ್ತಿಪಾಲು’, ‘ವಿದ್ಯುತ್‌ಪಾಲು’ ಎಂದು ಮೊಟಕು ಮಾಡಬಹುದೇನೋ. ‘ಶಕ್ತಿ’ ಎಂದರೆ ಬಲವೂ ಹೌದಲ್ಲ ಎಂಬ ತಕರಾರು ಬರಬಹುದು. ಆದರೆ ‘ಸೌರಶಕ್ತಿ’, ‘ಅಣುಶಕ್ತಿ’ಗಳನ್ನು ಓದುವಾಗ ಯಾರೂ ಗೊಂದಲಪಡುವುದಿಲ್ಲ.

ಇದರ ಜೊತೆಗೇ ಇನ್ನೊಂದು. ‘ಇಂಗಾಲದ ಹೊರಸೂಸುವಿಕೆ’ ಎಂದು ಬರೆದು ಮುಂದೆ ಟನ್ ಲೆಕ್ಕ ಕೊಡುವಾಗ ಅದು ಇಂಗಾಲದ್ದೋ ಇಂಗಾಲದ ಡೈಆಕ್ಸೈಡ್‌ನದೋ ಹೇಳಲೇಬೇಕು. ಒಂದು ಟನ್ ಇಂಗಾಲ ಪೂರ್ತಿ ಉರಿದರೆ ಸುಮಾರು 3.67 ಟನ್ ಡೈಆಕ್ಸೈಡ್ ಆಗುತ್ತದೆ; ಅಂಕಿ ಅಷ್ಟು ಪಟ್ಟು ಏರುಪೇರಾಗುತ್ತದೆ.

ನನಗೆ ಹೊಳೆಯದೆ ಉಳಿದದ್ದು ‘ಕಾರ್ಬನ್ ಇಂಟೆನ್ಸಿಟಿ’. ‘ಇಂಗಾಲ ತೀವ್ರತೆ’ ಎಂದರೆ ಜ್ವರದ ತೀವ್ರತೆ ಎಂದ ಹಾಗಿದೆ. ಯೂನಿಟ್ಟಿಗೆ ಇಷ್ಟು ಗ್ರಾಂ ಎಂಬ ಅರ್ಥ ನೇರವಾಗಿ ಬರುವ ಪದ ಯಾರಾದರೂ ಬಳಸಿದ್ದೀರಾ?