ಚೀಲದ ಸ್ಟ್ರಾಬೆರಿ: ಎಲೆ ಅಂಚು ಸುಡುತ್ತಿದೆ, ಯಾರಾದರೂ ಹೇಳಿ

ತಾರಸಿ_ಸಿಂಧನೂರು: ನವೆಂಬರ್ ಮೊದಲ ವಾರ 12 ಗ್ರೋ ಬ್ಯಾಗ್‌ನಲ್ಲಿ ವಿಂಟರ್ ಡಾನ್ ತಳಿಯ ಸ್ಟ್ರಾಬೆರಿ ಸಸಿ ಹಾಕಿದೆ. ಮಹಾಬಳೇಶ್ವರದಿಂದ ತರಿಸಿದ್ದು. ಮೂರು ವಾರ ಚೆನ್ನಾಗಿತ್ತು. ಈಗ ಎಲೆ ಅಂಚೆಲ್ಲ ಕಂದಾಗಿದೆ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಮಿಶ್ರಣ ಸರಿ ಇದೆ, ಗೊಬ್ಬರ ಸರಿ ಇದೆ, ಫಿಲ್ಟರ್ ನೀರನ್ನೇ ಹಾಕುತ್ತೇನೆ. ಮಗಳು ದಿನಾ ಎದ್ದ ತಕ್ಷಣ ಹೂ ಎಣಿಸಲು ಓಡುತ್ತಾಳೆ. ತುಂಬಾ ಬೇಜಾರಾಗಿದೆ.

ಕುಂಡ_ಕೊಪ್ಪಳ: ನೀರು ಜಾಸ್ತಿ ಆಗಿದೆ. ಸುಳಿ ಮಣ್ಣಲ್ಲಿ ಹೂತಿರಬೇಕು. ಎರಡು ದಿನ ನೀರು ನಿಲ್ಲಿಸಿ.

ತಾರಸಿ_ಸಿಂಧನೂರು: ಸುಳಿ ಮೇಲೇ ಇದೆ. ನಿಲ್ಲಿಸಿ ನೋಡಿದೆ, ಇನ್ನೂ ಜಾಸ್ತಿ ಆಯಿತು.

ಕುಂಡ_ಕೊಪ್ಪಳ: ಹಾಗಾದರೆ ಬೇರು ಕೊಳೆತಿದೆ. ಒಂದು ಗಿಡ ಕಿತ್ತು ನೋಡಿ.

ತಾರಸಿ_ಸಿಂಧನೂರು: ಕಿತ್ತೆ. ತುದಿ ಮಾತ್ರ ಕಂದು, ಉಳಿದದ್ದು ಬೆಳ್ಳಗಿದೆ. ವಾಸನೆ ಇಲ್ಲ.

ಕುಂಡ_ಕೊಪ್ಪಳ: ಶುರುವಿನಲ್ಲಿ ಹಾಗೇ ಇರುತ್ತದೆ. ಟ್ರೈಕೋಡರ್ಮಾ (ಬೇರು ಕೊಳೆ ತಡೆಯುವ ಒಳ್ಳೆ ಶಿಲೀಂಧ್ರದ ಪುಡಿ) ಹಾಕಿ.

ಹಸಿರುನೆಟ್_ಬಳ್ಳಾರಿ: ಏನು ಮಿಶ್ರಣ ಅಂತ ಹೇಳಲೇ ಇಲ್ಲ. ನಮ್ಮ ಕಡೆ ಬಿಸಿಲಿಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಲ್ಲದೆ ಆಗುವುದಿಲ್ಲ. ನಮ್ಮದು 60 ಚೀಲ, 50 ಪರ್ಸೆಂಟ್ ನೆರಳಿನ ನೆಟ್, ಡ್ರಿಪ್, ಟೈಮರ್. ಹೋದ ಜನವರಿಯಲ್ಲಿ ಒಂದೇ ದಿನ ಎರಡು ಕೆಜಿ ಹಣ್ಣು ಕಿತ್ತೆವು. ಫೋಟೊ ಹಾಕುತ್ತೇನೆ.

ಕೆಮ್ಮಣ್ಣು_ಲಿಂಗಸುಗೂರು: ಕೊಕೊಪೀಟ್‌ನಲ್ಲೇ ಉಪ್ಪು ಇರುತ್ತದೆ. ಮೂರು ಸಲ ತೊಳೆಯದೆ ಹಾಕಬಾರದು. ನಾನು ಕೆಮ್ಮಣ್ಣಿಗೆ ಎರೆಗೊಬ್ಬರ ಬೆರೆಸುತ್ತೇನೆ, ಅಷ್ಟೇ.

ಹಸಿರುನೆಟ್_ಬಳ್ಳಾರಿ: ಚೀಲದಲ್ಲಿ ಕೆಮ್ಮಣ್ಣು ಇಟ್ಟಿಗೆ ಆಗುತ್ತದೆ. ಮೂರು ವರ್ಷದಿಂದ ನೋಡುತ್ತಿದ್ದೇನೆ.

ಕೆಮ್ಮಣ್ಣು_ಲಿಂಗಸುಗೂರು: ಮರಳು ಸೇರಿಸಿದರೆ ಇಟ್ಟಿಗೆ ಆಗುವುದಿಲ್ಲ. ನಾನೂ ಬೆಳೆದಿದ್ದೇನೆ.

ಬೇರು_ಗಂಗಾವತಿ: ಅದು ಆಮೇಲೆ ಮಾತಾಡೋಣ. ಸಿಂಧನೂರಿನವರೇ, ಚೀಲದ ತೂತಿನ ಸುತ್ತ ಬಿಳಿ ಪುಡಿ ಇದೆಯಾ? ಫಿಲ್ಟರ್ ನೀರು ಅಂದರೆ ಯಾವ ಪೈಪಿನದು?

ತಾರಸಿ_ಸಿಂಧನೂರು: ಇದೆ, ಸುಣ್ಣ ಬಳಿದ ಹಾಗೆ. ನೀರು ಆರ್‌ಒ ಹೊರಗೆ ಬಿಡುತ್ತದಲ್ಲ, ಆ ಪೈಪಿನದು. ಸುಮ್ನೆ ಚರಂಡಿಗೆ ಹೋಗಬಾರದು ಅಂತ ಬಕೆಟ್‌ನಲ್ಲಿ ಹಿಡಿಯುತ್ತೇನೆ. ಮನೆಗೆ ಬರುವುದು ಬೋರ್ ನೀರು.

ಬೇರು_ಗಂಗಾವತಿ: ಅದೇ ಕಾರಣ ಅನಿಸುತ್ತದೆ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಆ ಬಕೆಟ್‌ಗೇ ಬರುತ್ತದೆ, ಅಂದರೆ ಬೋರ್ ನೀರಿಗಿಂತಲೂ ಉಪ್ಪು. ಸ್ಟ್ರಾಬೆರಿ ಉಪ್ಪು ತಡೆಯುವ ಗಿಡ ಅಲ್ಲ. ನೀರಿನ ಇಸಿ (ಕರಗಿದ ಉಪ್ಪು ಎಷ್ಟಿದೆ ಅಂತ ತೋರಿಸುವ ಅಳತೆ) 0.7 ಡೆಸಿಸೀಮೆನ್ಸ್/ಮೀಟರ್ ದಾಟಿದರೆ ಇಳುವರಿ ಇಳಿಯಲು ಶುರು. ನೀವು ನೀರು ನಿಲ್ಲಿಸಿದಾಗ ಚೀಲ ಒಣಗಿ ಉಪ್ಪು ಇನ್ನೂ ಗಟ್ಟಿಯಾಯಿತು, ಅದಕ್ಕೇ ಜಾಸ್ತಿ ಆಗಿದ್ದು. ಕಾಲುವೆ ನೀರೋ ಮಳೆ ನೀರೋ ಸಿಕ್ಕರೆ ಚೀಲದ ಎರಡರಷ್ಟು ನಿಧಾನವಾಗಿ ಸುರಿಯಿರಿ. ಕೆಳಗಿನಿಂದ ಪೂರ್ತಿ ಇಳಿದು ಹೋಗಲಿ. ತಟ್ಟೆ ಇಟ್ಟಿದ್ದರೆ ತೆಗೆಯಿರಿ. ಎರಡು ವಾರ ಗೊಬ್ಬರ ಬೇಡ.

ಕುಂಡ_ಕೊಪ್ಪಳ: ಅಷ್ಟು ನೀರು ಸುರಿದರೆ ಬೇರು ಖಂಡಿತ ಕೊಳೆಯುತ್ತದೆ. ಟ್ರೈಕೋಡರ್ಮಾ ಬಿಡಬೇಡಿ.

ತಾರಸಿ_ಸಿಂಧನೂರು: (9 ದಿನದ ನಂತರ) ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಉಪ್ಪನ್ನು ಪಿಪಿಎಂನಲ್ಲಿ ತೋರಿಸುವುದು) ತಂದು ಬಕೆಟ್ ನೀರಿಗೆ ಅದ್ದಿದೆ, 2140. ಕುಡಿಯುವ ನೀರು 60. ಅಣ್ಣನ ಹೊಲದ ಹತ್ತಿರ ಎಡದಂಡೆ ಕಾಲುವೆ ಇದೆ, ಆರು ಕ್ಯಾನ್ ತಂದು ಸುರಿದೆ. ಮೂರು ಗಿಡ ಹೋದವು. ಒಂಬತ್ತರಲ್ಲಿ ನಡುವಿನಿಂದ ಹೊಸ ಎಲೆ ಬಂದಿದೆ. ಅಂಗೈ ಮೇಲೆ ಇಟ್ಟು ನೋಡಿದೆ, ಅಂಚು ಪೂರ್ತಿ ಹಸಿರು. ಹಳೆ ಎಲೆ ಕತ್ತರಿಸಲಾ?

ಬೇರು_ಗಂಗಾವತಿ: ಪೂರ್ತಿ ಒಣಗಿದ್ದು ಮಾತ್ರ. ಈಗಿನ ಹೂಗಳನ್ನು ಚಿವುಟಿ, ಗಿಡ ಚೇತರಿಸಿಕೊಳ್ಳಲಿ.

ತಾರಸಿ_ಸಿಂಧನೂರು: ಹೂ ಚಿವುಟುವುದಕ್ಕೆ ಮಗಳು ಒಪ್ಪುತ್ತಿಲ್ಲ. ಒಂದು ಗಿಡದಲ್ಲಿ ಮಾತ್ರ ಬಿಡುತ್ತೇನೆ.

ಮಸ್ಕಿ_ತೋಟ: ಬಳ್ಳಾರಿಯವರೇ, ಆ 50 ಪರ್ಸೆಂಟ್ ನೆಟ್ ಮೀಟರ್‌ಗೆ ಎಷ್ಟು ಬಿತ್ತು?