ಪಣಜಿಯ ಕ್ಯಾಸಿನೊ ಜೆಟ್ಟಿಗೆ ಹತ್ತಿರದಲ್ಲಿ ಕುಳಿತು ಮಾತನಾಡಬಹುದಾದ ಸಣ್ಣ ಬಾರ್ ಇದೆಯೇ?

ತಾಳಗಾಂವ್ ನಿವಾಸಿ (ಪ್ರಶ್ನೆ):

ಮಾನ್ಯರೇ, ಏಪ್ರಿಲ್ ಎರಡನೆಯ ವಾರ ಹುಬ್ಬಳ್ಳಿಯಿಂದ ನಮ್ಮ ಭಾವನವರು ತಮ್ಮ ಇಬ್ಬರು ಸ್ನೇಹಿತರೊಡನೆ ಪಣಜಿಗೆ ಬರಲಿದ್ದಾರೆ. ಸ್ನೇಹಿತರಿಗೆ ಮಾಂಡವಿಯಲ್ಲಿ ನಿಂತಿರುವ ಕ್ಯಾಸಿನೊ ಹಡಗನ್ನು ಒಮ್ಮೆಯಾದರೂ ಹತ್ತಬೇಕೆಂಬ ಆಸೆ. ನಾನು ನೌಕರಿಯ ನಿಮಿತ್ತ ಇಲ್ಲಿಯೇ ನೆಲೆಸಿ, ಆಧಾರ್ ಮತ್ತು ಮತದಾರರ ಚೀಟಿಗಳಿಗೂ ಗೋವಾದ ವಿಳಾಸವನ್ನೇ ಮಾಡಿಸಿಕೊಂಡಿದ್ದೇನೆ. ಗೋವಾದವರು ಕ್ಯಾಸಿನೊಗಳಲ್ಲಿ ಆಡುವಂತಿಲ್ಲವೆಂದು 2020ರ ಫೆಬ್ರುವರಿ 1ರಿಂದ ಸರ್ಕಾರ ನಿರ್ಬಂಧ ವಿಧಿಸಿರುವುದರಿಂದ ನಾನು ದಂಡೆಯಲ್ಲಿಯೇ ಉಳಿಯಬೇಕಾಗುತ್ತದೆ. ಭಾವನವರಿಗೂ ಜೂಜಿನ ಗೊಡವೆ ಬೇಡ. ಅವರಿಬ್ಬರು ಹಡಗಿನಿಂದ ಇಳಿಯುವವರೆಗೆ ನಾವು ಕುಳಿತು ಮಾತನಾಡಲು, ಡಿಜೆಯ ಅಬ್ಬರವಿಲ್ಲದ, ಹಳೆಯ ಕಾಲದ ಸಣ್ಣ ಬಾರ್ ನಡಿಗೆಯ ದೂರದಲ್ಲಿದ್ದರೆ ದಯವಿಟ್ಟು ತಿಳಿಸಿ. ಭಾವನವರು ಶುದ್ಧ ಸಸ್ಯಾಹಾರಿಗಳು, ಆದರೆ ಒಂದೆರಡು ಪೆಗ್ಗಿಗೆ ಅವರ ಅಭ್ಯಂತರವಿಲ್ಲ.

ಹಳೆಯ ಪಣಜಿಗ:

ನೀವು ಹುಡುಕುತ್ತಿರುವುದು ಸಾಂತೊಮೆ ಮತ್ತು ಫೊಂತೈನ್ಹಾಸ್ ಓಣಿಗಳಲ್ಲಿ ಸಿಗುತ್ತದೆ. ಬಾಂದೋಡ್ಕರ್ ರಸ್ತೆಯ ಜೆಟ್ಟಿಗಳಿಂದ ನದಿಯನ್ನು ಎಡಕ್ಕಿಟ್ಟುಕೊಂಡು ಪಾಟೊ ಸೇತುವೆಯ ಕಡೆಗೆ ನಡೆದರೆ ಮೊದಲು ಆದಿಲ್‌ಶಾಹಿ ಅರಮನೆ ಮತ್ತು ಅದರ ಪಕ್ಕದಲ್ಲಿ ಅಬ್ಬೆ ಫಾರಿಯಾ ಪ್ರತಿಮೆ, ಅದರಾಚೆ ದೊಡ್ಡ ಅಂಚೆ ಕಚೇರಿ ಬರುತ್ತವೆ. ಅಂಚೆ ಕಚೇರಿಯ ಹಿಂದಿನ ಓಣಿಗಳಿಗೆ ಹೊಕ್ಕರೆ ಸಾಂತೊಮೆ. ಪೋರ್ಚುಗೀಸರು 1843ರಲ್ಲಿ ಪಣಜಿಯನ್ನು ರಾಜಧಾನಿ ಮಾಡಿದ ಕಾಲದ ಊರಿನ ಅಂದಾಜು ಸಿಗುವುದು ಇಲ್ಲಿಯೇ: ಹಳದಿ ಮತ್ತು ನೀಲಿ ಬಣ್ಣದ ಗೋಡೆಗಳು, ಮಂಗಳೂರು ಹೆಂಚಿನ ಮಾಡು, ರಸ್ತೆಗೇ ಚಾಚಿಕೊಂಡ ಬಾಲ್ಕನಿ.

ಇಲ್ಲಿಯವರು ತವೆರ್ನಾ ಎಂದು ಕರೆಯುವ ಇಂತಹ ಬಾರುಗಳಲ್ಲಿ ಸಾಂತೊಮೆಯ ಜೋಸೆಫ್ ಬಾರ್ ಎಲ್ಲರಿಗೂ ಗೊತ್ತಿರುವುದು. ಮನೆಯೊಂದರ ಮುಂಗೋಣೆಯಷ್ಟೇ ಜಾಗ. ಒಳಗೆ ನಾಲ್ಕಾರು ಜನ ಕುಳಿತರೆ ಉಳಿದವರು ಗ್ಲಾಸು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಪಣಜಿಯ ಹಳೆಯ ಅಂಗಡಿಗಳಂತೆ ತವೆರ್ನಾಗಳೂ ಮಧ್ಯಾಹ್ನ ಒಂದರಿಂದ ನಾಲ್ಕರ ಸುಮಾರಿಗೆ ಬಾಗಿಲು ಹಾಕಿಕೊಳ್ಳುತ್ತವೆ, ಆದ್ದರಿಂದ ಸಂಜೆಯೇ ಹೋಗಿ.

ಕಾರವಾರದ ಗೇರುತೋಟ:

ಏಪ್ರಿಲ್ ಎಂದಿರಿ, ಹಾಗಿದ್ದರೆ ವಿಸ್ಕಿಯನ್ನು ಮರೆತು ಉರಾಕ್ ಕೇಳಿ. ಗೇರುಹಣ್ಣಿನ ರಸವನ್ನು ಹುಳಿಬರಿಸಿ ಭಟ್ಟಿಯಲ್ಲಿ ಮೊದಲ ಬಾರಿ ಇಳಿಸಿದಾಗ ಬರುವುದು ಉರಾಕ್. ಅದರಲ್ಲಿ ಮದ್ಯಸಾರ ಸುಮಾರು ಶೇಕಡಾ 15 ಇರುತ್ತದೆ, ಹೆಚ್ಚು ದಿನ ಇಟ್ಟರೆ ರುಚಿ ಕೆಡುತ್ತದೆ, ಹೀಗಾಗಿ ಗೇರುಹಣ್ಣಿನ ಕಾಲ ಮುಗಿದ ಮೇಲೆ ಯಾರನ್ನು ಕೇಳಿದರೂ ಸಿಗುವುದಿಲ್ಲ. ಅದನ್ನೇ ಮತ್ತೊಮ್ಮೆ ಭಟ್ಟಿಗೆ ಹಾಕಿ ಶೇಕಡಾ 42ರ ಆಸುಪಾಸಿಗೆ ಏರಿಸಿದರೆ ಕಾಜು ಫೆನಿ. ಈ ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ.

ಉರಾಕ್‌ಗೆ ಲಿಮ್ಕಾ ಬೆರೆಸಿ, ನಿಂಬೆಹೋಳು ಹಿಂಡಿ, ಚಿಟಿಕೆ ಉಪ್ಪು ಹಾಕಿ, ಉದ್ದಕ್ಕೆ ಸೀಳಿದ ಹಸಿಮೆಣಸಿನಕಾಯಿಯೊಂದನ್ನು ಗ್ಲಾಸಿನಲ್ಲಿ ಇಳಿಬಿಡುತ್ತಾರೆ. ಮೊದಲ ಗುಟುಕಿಗೆ ಗೇರುಹಣ್ಣಿನ ಘಾಟು ಮೂಗಿಗೆ ಬಡಿಯುತ್ತದೆ, ಖಾರ ತಡವಾಗಿ ಗಂಟಲಿಗೆ ಬರುತ್ತದೆ. ಅದು ಶರಬತ್ತಿನಂತೆ ಇಳಿಯುವುದರಿಂದ ಎಷ್ಟಾಯಿತೆಂಬ ಲೆಕ್ಕ ತಪ್ಪುವುದು ಸುಲಭ. ಹುಬ್ಬಳ್ಳಿಯ ಹಿರಿಯರಿಗೆ ಮೊದಲೇ ಹೇಳಿಡಿ.

ಮಾಂಡವಿ ತೀರ:

ಜೋಸೆಫ್ ಬಾರ್ ಬಗ್ಗೆ ನನ್ನದು ಸ್ವಲ್ಪ ತಕರಾರು. ಬಾರ್ ಚೆನ್ನಾಗಿಯೇ ಇದೆ, ಆದರೆ ವಾರಾಂತ್ಯದ ರಾತ್ರಿ ಓಣಿಯೇ ತುಂಬಿ, ಇಬ್ಬರು ಕುಳಿತು ಸಂಸಾರದ ಮಾತನಾಡುವ ಸ್ಥಿತಿ ಇರುವುದಿಲ್ಲ. ಮಂಗಳವಾರವೋ ಬುಧವಾರವೋ ಏಳು ಗಂಟೆಯೊಳಗೆ ಹೋದರೆ ಮಾತ್ರ ಸಣ್ಣ ಬಾರಿನ ಸುಖ ಸಿಗುತ್ತದೆ. ಇಲ್ಲವಾದರೆ ಅದೇ ಭಾಗದಲ್ಲಿ ಫಲಕವೂ ಸರಿಯಾಗಿ ಕಾಣದ ತವೆರ್ನಾಗಳಿವೆ. ಬಾಗಿಲಲ್ಲಿ ಅರ್ಧ ಪರದೆ, ಒಳಗೆ ಪತ್ರಿಕೆ ಓದುತ್ತಾ ಕುಳಿತ ಅಜ್ಜ ಕಂಡರೆ ಧಾರಾಳವಾಗಿ ಒಳಗೆ ಹೋಗಿ.

ಕ್ಯಾಸಿನೊಗಳು ಈ ಬಾರುಗಳನ್ನು ನುಂಗಿಬಿಟ್ಟವೆಂದು ಹಲವರು ಬರೆಯುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಹಡಗಿನ ಪ್ರವೇಶದ ಹಣದಲ್ಲಿಯೇ ಊಟ ಮತ್ತು ಮದ್ಯ ಸೇರಿರುವುದರಿಂದ ಅಲ್ಲಿಗೆ ಬಂದವರು ಸಾಂತೊಮೆಯ ದಾರಿಯನ್ನೇ ತುಳಿಯುವುದಿಲ್ಲ, ತವೆರ್ನಾದ ಗಿರಾಕಿ ಹಡಗನ್ನು ಹತ್ತುವುದಿಲ್ಲ. ತೊಂದರೆ ಬಂದಿರುವುದು ಬೇರೆ ಕಡೆಯಿಂದ. ವಾಸದ ಮನೆಗಳು ಒಂದೊಂದಾಗಿ ಅತಿಥಿಗೃಹ ಮತ್ತು ಕೆಫೆಗಳಾಗುತ್ತಿವೆ, ದಿನವೂ ಸಂಜೆ ಬಂದು ಅದೇ ಸ್ಟೂಲಿನ ಮೇಲೆ ಕೂರುತ್ತಿದ್ದ ನೆರೆಯವರೇ ಓಣಿಯಲ್ಲಿ ಉಳಿಯುತ್ತಿಲ್ಲ. ಫೋಟೊ ತೆಗೆಯಲು ಬರುವವರು ಒಂದು ಗ್ಲಾಸು ಕೊಂಡು ಹತ್ತು ಚಿತ್ರ ಹೊಡೆದು ಹೋಗುತ್ತಾರೆ. ನೀವು ಹೋದಾಗ ದಯವಿಟ್ಟು ಪಕ್ಕದ ಮನೆಗಳ ಮೆಟ್ಟಿಲ ಮೇಲೆ ಕೂರಬೇಡಿ.

ತಾಳಗಾಂವ್ ನಿವಾಸಿ:

ಎಲ್ಲರಿಗೂ ಧನ್ಯವಾದಗಳು. ಬುಧವಾರವೇ ಗೊತ್ತುಮಾಡುತ್ತೇನೆ. ಇನ್ನೆರಡು ವಿಷಯಗಳನ್ನು ಕೇಳಬೇಕಿತ್ತು: ಸಸ್ಯಾಹಾರಿಗಳಿಗೆ ಅಲ್ಲಿ ನಂಜಿಕೊಳ್ಳಲು ಏನು ಸಿಗುತ್ತದೆ? ಭಾವನವರು ಮರಳುವಾಗ ಒಂದೆರಡು ಬಾಟಲಿ ಫೆನಿ ಒಯ್ಯಬಹುದೇ?

ಹಳೆಯ ಪಣಜಿಗ:

ತವೆರ್ನಾದಲ್ಲಿ ಶೇಂಗಾ ಮತ್ತು ಬೇಯಿಸಿದ ಕಡಲೆಗಿಂತ ಹೆಚ್ಚಿನದನ್ನು ನಿರೀಕ್ಷಿಸಬೇಡಿ. ಮೊದಲೇ ಮುನ್ಸಿಪಲ್ ಉದ್ಯಾನದ ಕಡೆ ಭಾಜಿ-ಪಾವ್ ತಿಂದು ಬನ್ನಿ. ಮೊಟ್ಟೆ ತಿನ್ನುವವರಾಗಿದ್ದರೆ ರಾತ್ರಿಯ ಗಾಡಿಗಳಲ್ಲಿ ಸಿಗುವ ರೋಸ್ ಆಮ್ಲೆಟ್ ಹೇಳುತ್ತಿದ್ದೆ, ಆದರೆ ಅದರ ಮೇಲೆ ಸುರಿಯುವ ರಸ ಸಾಮಾನ್ಯವಾಗಿ ಕೋಳಿಯದು, ಭಾವನವರಿಗೆ ಆಗದು. ಫೆನಿಯನ್ನು ಪರವಾನಗಿಯಿರುವ ಅಂಗಡಿಯಲ್ಲಿ ರಸೀದಿಯೊಂದಿಗೆ ಕೊಂಡು, ಗಡಿ ದಾಟಿಸಲು ಬೇಕಾದ ಅಬಕಾರಿ ಪರ್ಮಿಟ್ಟನ್ನೂ ಅಲ್ಲಿಯೇ ವಿಚಾರಿಸಿ. ಅನಮೋಡ ತನಿಖಾ ಠಾಣೆಯಲ್ಲಿ ಬಸ್ಸುಗಳನ್ನೂ ತಪಾಸಣೆ ಮಾಡುತ್ತಾರೆ, ಕಾಗದವಿಲ್ಲದ ಬಾಟಲಿಯನ್ನು ಇಳಿಸಿಕೊಳ್ಳುತ್ತಾರೆ.